ಹುಬ್ಬಳ್ಳಿಯ ಆಕಾಶಮಾರ್ಗ ಹಾಗೂ ಏರ್ ಡೆಕ್ಕನ್ ಸಂಸ್ಥೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳ ಇತಿಹಾಸವನ್ನು ಬರೆಯುವವರು ಕದಂಬರ ಪಾನುಂಗಲ್ಲನ್ನೂ, ಸವಣೂರಿನ ನವಾಬರನ್ನೂ, ಬಾಡದ ಕನಕದಾಸರನ್ನೂ, ಶಿಶುವಿನಹಾಳದ ಶರೀಫಸಾಹೇಬರನ್ನೂ, ಅಬಲೂರಿನ ಶಾಸನಗಳನ್ನೂ ನೆನೆಯುವದು ವಾಡಿಕೆಯಾಗಿದೆ. ಆ ಪುರಾತನ ಕೀರ್ತಿಯು ನೆನೆಯತಕ್ಕದ್ದೇ ಸರಿ. ಆದರೆ ಒಂದು ಸೀಮೆಯ ಜನರು ಯಾವ ಕಾಲದಲ್ಲಿ ಎಲ್ಲಿಗೆ, ಯಾವ ವಾಹನದಲ್ಲಿ, ಎಷ್ಟು ವೆಚ್ಚದಿಂದ ಹೋಗಿಬರುತ್ತಿದ್ದರೆಂಬುದೂ ಇತಿಹಾಸದ ಒಂದು ಮುಖ್ಯ ಭಾಗವಾಗಿರುವದು. ಅರಸರ ದಂಡಯಾತ್ರೆಗಳನ್ನು ತಿಳಿದಷ್ಟು ಚೆನ್ನಾಗಿ ಒಕ್ಕಲಿಗನ ಪ್ರವಾಸವನ್ನು ತಿಳಿದುಕೊಳ್ಳದಿದ್ದರೆ ಆ ಸೀಮೆಯ ಅರ್ಧ ಚರಿತ್ರೆಯು ಮರೆಯಾಗಿಯೇ ಉಳಿಯುವದು.

ಈ ನಾಲ್ಕು ತಾಲೂಕುಗಳ ಪಾಲಿಗೆ ಪ್ರವಾಸದ ಸಾಧನಗಳು ಒಂದೇ ಸಮನಾಗಿ ದೊರೆತಿಲ್ಲ. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಕಬ್ಬಿಣದ ಹಾದಿಯನ್ನು ಹಾಕಿದಾಗ ಅದು ಸವಣೂರು ತಾಲೂಕಿನ ನೆಲದ ಮೇಲೆ ಹಾದುಹೋಯಿತು. ಹಾನಗಲ್ಲಿಗೂ ಹಿರೇಕೆರೂರಿಗೂ ಉಗಿಬಂಡಿಯು ಬರಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿಯು ಶಿಗ್ಗಾಂವಿಯನ್ನು ಮುಟ್ಟಿಕೊಂಡು ಹೋಯಿತು. ಉಳಿದ ಊರುಗಳವರು ಚಕ್ಕಡಿಯಿಂದಲೂ, ಮುಂದೆ ಮೋಟಾರು ಬಸ್ಸಿನಿಂದಲೂ ಆ ಹೆದ್ದಾರಿಯನ್ನು ಸೇರಬೇಕಾಯಿತು. ವಿಮಾನವಂತೂ ಈ ನಾಲ್ಕರಲ್ಲಿ ಯಾವ ಊರಿನಲ್ಲಿಯೂ ಇಳಿಯುವದಿಲ್ಲ. ಹಾಗಿದ್ದರೂ ಈ ಸೀಮೆಯವರಿಗೆ ಒಂದು ಆಕಾಶಮಾರ್ಗವುಂಟು. ಅದರ ಬಾಗಿಲು ಹುಬ್ಬಳ್ಳಿಯಲ್ಲಿರುವದು. ಆ ಬಾಗಿಲು ಸಾಮಾನ್ಯ ಗೃಹಸ್ಥನಿಗೆ ತೆರೆದದ್ದೂ, ಮತ್ತೆ ಮುಚ್ಚಿದಂತಾದದ್ದೂ, ಪುನಃ ತೆರೆದದ್ದೂ ಬಹುಮಟ್ಟಿಗೆ ಒಂದು ಸಣ್ಣ ವಿಮಾನಸಂಸ್ಥೆಯ ಏಳುಬೀಳಿನೊಡನೆ ಕೂಡಿಕೊಂಡಿದೆ. ಆ ಸಂಸ್ಥೆಯೇ ಏರ್ ಡೆಕ್ಕನ್. ಸಣ್ಣ ಊರಿಗೆ ವಿಮಾನವು ಬರುವದು ಬೇರೆ, ಬಂದು ನಿಲ್ಲುವದು ಬೇರೆ ಎಂಬ ಮಾತಿಗೆ ಅದರ ಚರಿತ್ರೆಗಿಂತ ಸ್ಪಷ್ಟವಾದ ಉದಾಹರಣೆಯು ಕನ್ನಡನಾಡಿನಲ್ಲಿ ಮತ್ತೊಂದು ದೊರೆಯಲಾರದು.

ಕನ್ನಡನಾಡಿಗೂ ವಿಮಾನಕ್ಕೂ ಇರುವ ಸಂಬಂಧವು ಹೊಸದಲ್ಲ. ೧೯೩೨ನೆಯ ಅಕ್ಟೋಬರ ೧೫ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಟಪಾಲಿನ ಚೀಲಗಳನ್ನು ಹೊತ್ತ ಚಿಕ್ಕ ವಿಮಾನವನ್ನು ತಾವೇ ನಡೆಸಿಕೊಂಡು ಬಂದರು. ಅಲ್ಲಿಂದ ಮುಂದೆ ಮದ್ರಾಸಿನವರೆಗಿನ ಭಾಗವನ್ನು ಅವರ ಸಂಗಡಿಗರಾದ ನೆವಿಲ್ ವಿನ್ಸೆಂಟ್ ಎಂಬವರು ಪೂರೈಸಿದರು. ಈ ಎರಡನೆಯ ಭಾಗದಲ್ಲಿ ವಿಮಾನವು ತಂಗಿದ ಊರು ಬಳ್ಳಾರಿ. ಹೀಗೆ ಹಿಂದುಸ್ಥಾನದ ಮೊದಲನೆಯ ದೇಶೀಯ ವಿಮಾನಟಪಾಲಿನ ಹಾದಿಯಲ್ಲಿ ಒಂದು ಕನ್ನಡ ಊರು ಸೇರಿತ್ತು. ಆದರೆ ಆ ವಿಮಾನದ ಮುಖ್ಯವಾದ ಹೊರೆಯು ಕಾಗದಪತ್ರಗಳೇ ಹೊರತು ಜನರಲ್ಲ. ಬಳ್ಳಾರಿಯ ಮಹತ್ವವಾದರೂ ಮುಂಬಯಿ ಮದ್ರಾಸುಗಳ ನಡುವಿನ ತಂಗುದಾಣವಾಗಿತ್ತೆಂಬುದರಲ್ಲಿಯೇ ಇತ್ತು. ಹಾದಿಯ ನಡುವಣ ಊರಿಗೆ ವಿಮಾನವು ಬಂದದ್ದು ಆ ಊರಿಗೋಸುಗವಲ್ಲವೆಂಬುದನ್ನು ಇಲ್ಲಿಯೇ ಗುರುತಿಸಿಡತಕ್ಕದ್ದು.

ಡೆಕ್ಕನ್ ಎಂಬ ಹೆಸರು ಕೂಡ ಆಕಾಶಕ್ಕೆ ಹೊಸದಾಗಿರಲಿಲ್ಲ. ೧೯೪೫ರಲ್ಲಿ ಹೈದರಾಬಾದಿನ ನಿಜಾಮ ಸರಕಾರವೂ ಟಾಟಾ ಸಂಸ್ಥೆಯೂ ಕೂಡಿ ಡೆಕ್ಕನ್ ಏರ್‌ವೇಸ್ ಎಂಬ ಕಂಪನಿಯನ್ನು ಸ್ಥಾಪಿಸಿದವು. ಬೇಗಂಪೇಟೆಯನ್ನು ಮನೆಯಾಗಿ ಮಾಡಿಕೊಂಡ ಆ ಕಂಪನಿಯು ಮಹಾಯುದ್ಧದ ತರುವಾಯ ಅಗ್ಗವಾಗಿ ದೊರೆತ ಡಕೋಟಾ ವಿಮಾನಗಳಿಂದ ತನ್ನ ಸೇವೆಯನ್ನು ನಡೆಸಿತು. ೧೯೫೩ರಲ್ಲಿ ಭಾರತ ಸರಕಾರವು ಕಾಯಿದೆ ಮಾಡಿ, ದೇಶದಲ್ಲಿದ್ದ ಇಂಥ ಎಂಟು ಕಂಪನಿಗಳನ್ನು ಕೂಡಿಸಿ ಇಂಡಿಯನ್ ಏರ್‌ಲೈನ್ಸ್ ಎಂಬ ಒಂದೇ ನಿಗಮವನ್ನು ರಚಿಸಿತು. ಅಲ್ಲಿಂದ ನಾಲ್ವತ್ತು ವರ್ಷಗಳ ವರೆಗೆ ದೇಶದೊಳಗಿನ ನಿಯತ ಪ್ರಯಾಣದ ವಿಮಾನಗಳು ಸರಕಾರದ ಕೈಯಲ್ಲಿಯೇ ಉಳಿದವು. ದೊಡ್ಡ ನಗರಗಳಿಗೆ ಜೆಟ್ ವಿಮಾನಗಳು ಬಂದವು. ಜಿಲ್ಲೆಯ ಊರುಗಳು ಕಾಯುತ್ತಲೇ ಇದ್ದವು. ೧೯೮೧ರಲ್ಲಿ ಸಣ್ಣ ಊರುಗಳಿಗೋಸ್ಕರವೇ ವಾಯುದೂತ ಎಂಬ ಸರಕಾರಿ ಸಂಸ್ಥೆಯು ಹುಟ್ಟಿತು. ಕಾನ್ಪುರದಲ್ಲಿ ಕಟ್ಟಿದ ಡಾರ್ನಿಯರ್ ಮೊದಲಾದ ಚಿಕ್ಕ ವಿಮಾನಗಳಿಂದ ಅದು ದೇಶದ ಅನೇಕ ಮೂಲೆಗಳನ್ನು ಮುಟ್ಟಿತು. ಆದರೆ ಖಾಲಿ ಆಸನಗಳನ್ನು ಹೊತ್ತು ಹಾರುವ ಲುಕಸಾನನ್ನು ಅದು ತಾಳಲಾರದೆ ೧೯೯೩ರಲ್ಲಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಲೀನವಾಯಿತು.

ಹುಬ್ಬಳ್ಳಿಯಲ್ಲಿ ರಾಜ್ಯ ಸರಕಾರದ ಲೋಕೋಪಯೋಗಿ ಇಲಾಖೆಯವರು ೧೯೭೪ರಲ್ಲಿಯೇ ವಿಮಾನ ನಿಲ್ದಾಣವನ್ನು ಕಟ್ಟಿದ್ದರು. ರನ್‌ವೇ ಎಂಬ ಓಡುಹಾದಿಯು ಚಿಕ್ಕದು. ದೊಡ್ಡ ಜೆಟ್ ವಿಮಾನಕ್ಕೆ ಅದು ಸಾಲದು. ಪಂಖವುಳ್ಳ ಚಿಕ್ಕ ವಿಮಾನಕ್ಕೆ ಸಾಕು. ನಿಲ್ದಾಣವಿದ್ದ ಮಾತ್ರಕ್ಕೆ ವಿಮಾನವು ಬರುವದೆಂಬ ನಿಯಮವಿಲ್ಲವಷ್ಟೆ. ಉತ್ತರ ಕರ್ನಾಟಕದ ವ್ಯಾಪಾರದ ರಾಜಧಾನಿಯೆನಿಸಿದ ಈ ಊರಿನಿಂದ ಬೆಂಗಳೂರಿಗೆ ಹೋಗತಕ್ಕವರು ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ರೇಲ್ವೆಯಲ್ಲಿಯೋ ಬಸ್ಸಿನಲ್ಲಿಯೋ ರಾತ್ರಿಯೆಲ್ಲ ಕುಳಿತು ಕಳೆಯುತ್ತಿದ್ದರು.

೧೯೯೪ರಲ್ಲಿ ಹಳೆಯ ಕಾಯಿದೆಯು ರದ್ದಾಗಿ ಖಾಸಗಿಯವರಿಗೆ ಆಕಾಶವು ತೆರೆಯಿತು. ಈಸ್ಟ್ ವೆಸ್ಟ್, ದಮಾನಿಯಾ, ಮೋದಿಲುಫ್ತ್, ಎನ್. ಇ. ಪಿ. ಸಿ. ಮೊದಲಾದ ಕಂಪನಿಗಳು ಉತ್ಸಾಹದಿಂದ ಮುಂದೆ ಬಂದು ಕೆಲವೇ ವರ್ಷಗಳಲ್ಲಿ ಒಂದರ ಹಿಂದೊಂದು ಅಸ್ತವಾದವು. ಮೇಲಾಗಿ ಅವುಗಳ ದೃಷ್ಟಿಯು ಮುಖ್ಯವಾಗಿ ಅದಾಗಲೇ ವಿಮಾನವನ್ನು ಹತ್ತುತ್ತಿದ್ದ ಧನಿಕ ವರ್ಗದ ಮೇಲಿತ್ತು. ಎಂದೂ ವಿಮಾನವನ್ನು ಹತ್ತದವನೇ ಒಳ್ಳೆಯ ಗಿರಾಕಿಯಾದಾನೆಂಬ ಎಣಿಕೆಯು ಅವರಿಗೆ ಹೊಳೆಯಲಿಲ್ಲ. ಆ ಎಣಿಕೆಯನ್ನು ಕಟ್ಟಿದವರು ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು.

ಗೋಪಿನಾಥರು ೧೯೫೧ರಲ್ಲಿ ಹುಟ್ಟಿದರು. ತಂದೆಯವರು ಶಾಲಾಮಾಸ್ತರರು. ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿ ಸೈನ್ಯವನ್ನು ಸೇರಿ, ೧೯೭೧ರ ಬಾಂಗ್ಲಾದೇಶದ ಯುದ್ಧದಲ್ಲಿ ಭಾಗವಹಿಸಿದರು. ಕ್ಯಾಪ್ಟನ್ ಪದವಿಯಲ್ಲಿರುವಾಗಲೇ, ಇನ್ನೂ ಮೂವತ್ತು ತುಂಬುವದರೊಳಗೆ, ನೌಕರಿಯನ್ನು ಬಿಟ್ಟು ಊರಿಗೆ ಬಂದರು. ಹೇಮಾವತಿಯ ಅಣೆಕಟ್ಟಿನಿಂದ ಮನೆತನದ ಭೂಮಿಯು ಮುಳುಗಿ, ಅದರ ಬದಲಿಗೆ ಜಾವಗಲ್ಲಿನ ಬಳಿಯಲ್ಲಿ ಬರಡು ನೆಲವು ದೊರೆತಿತ್ತು. ಅಲ್ಲಿಯೇ ಬೀಡುಬಿಟ್ಟು ತೆಂಗು ರೇಷ್ಮೆಗಳ ಬೇಸಾಯವನ್ನು ಕೈಕೊಂಡರು. ನಿಸರ್ಗಕ್ಕೆ ಹೊಂದಿಕೊಂಡ ಅವರ ರೇಷ್ಮೆಯ ಕೃಷಿಗೆ ೧೯೯೬ರಲ್ಲಿ ರೋಲೆಕ್ಸ್ ಪ್ರಶಸ್ತಿಯು ಬಂದಿತು. ಒಕ್ಕಲುತನದ ಈ ಹಿನ್ನೆಲೆಯು ಅವರ ಮುಂದಿನ ಸಾಹಸವನ್ನು ತಿಳಿಯುವದಕ್ಕೆ ಅವಶ್ಯವಾದದ್ದು. ಹಳ್ಳಿಯ ಮನುಷ್ಯನಿಗೆ ದೂರವೆಂಬುದು ಎಂಥ ತೊಡಕೆಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ.

ಸೈನ್ಯದಲ್ಲಿ ಹೆಲಿಕಾಪ್ಟರ್ ನಡೆಸುತ್ತಿದ್ದ ಕ್ಯಾಪ್ಟನ್ ಕೆ. ಜೆ. ಸ್ಯಾಮ್ಯುಯಲ್ ಎಂಬ ಮಿತ್ರರೊಡನೆ ಕೂಡಿ ಅವರು ಡೆಕ್ಕನ್ ಏವಿಯೇಶನ್ ಎಂಬ ಕಂಪನಿಯನ್ನು ಕಟ್ಟಿದರು. ೧೯೯೭ರಿಂದ ಅದು ಬೆಂಗಳೂರಿನ ಜಕ್ಕೂರಿನಿಂದ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಹಾರಿಸತೊಡಗಿತು. ಹೆಲಿಕಾಪ್ಟರಾದರೋ ರಾಜಕಾರಣಿಗಳ, ಉದ್ಯಮಿಗಳ, ತೀರ್ಥಯಾತ್ರೆಯ ಶ್ರೀಮಂತರ ವಾಹನ. ಅಮೇರಿಕೆಯ ಪ್ರವಾಸದಲ್ಲಿ ಫೀನಿಕ್ಸ್ ಎಂಬ ನಗರದ ವಿಮಾನ ನಿಲ್ದಾಣದಲ್ಲಿ ಸಾಮಾನ್ಯ ಜನರು ಬಸ್ಸಿಗೆ ಹತ್ತುವಂತೆ ವಿಮಾನಕ್ಕೆ ಹತ್ತುವದನ್ನು ಕಂಡಾಗ ಅವರಿಗೆ ಬೇರೆಯ ವಿಚಾರವು ಮೂಡಿತು. ಅಮೇರಿಕೆಯಲ್ಲಿ ೧೯೭೧ರಿಂದಲೇ ಸೌತ್‌ವೆಸ್ಟ್ ಎಂಬ ಕಂಪನಿಯು, ಯುರೋಪಿನಲ್ಲಿ ತರುವಾಯ ರಾಯನ್‌ಏರ್ ಎಂಬ ಕಂಪನಿಯು, ಊಟ ಉಪಚಾರಗಳ ಆಡಂಬರವನ್ನು ಬಿಟ್ಟು ಕಡಿಮೆ ದರದಲ್ಲಿ ವಿಮಾನಗಳನ್ನು ಓಡಿಸಿ ಲಾಭ ಗಳಿಸಿದ್ದವು. ಆ ಪದ್ಧತಿಯನ್ನು ಭಾರತದ ಸಣ್ಣ ಊರುಗಳಿಗೆ ಹೊಂದಿಸಬೇಕೆಂಬುದು ಗೋಪಿನಾಥರ ಸಂಕಲ್ಪವಾಯಿತು.

ಹೀಗೆ ೨೦೦೩ನೆಯ ಅಗಸ್ಟ ತಿಂಗಳಲ್ಲಿ ಏರ್ ಡೆಕ್ಕನ್ ಸಂಸ್ಥೆಯ ಹಾರಾಟವು ಪ್ರಾರಂಭವಾಯಿತು. ಅದರ ಮೊದಲಿನ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯ ಮಾರ್ಗವೂ ಒಂದು. ದಿಲ್ಲಿ ಮುಂಬಯಿಗಳ ಹೆಸರನ್ನು ಎತ್ತದೆ ಹುಬ್ಬಳ್ಳಿಯನ್ನು ಮೊದಲಿಗೆ ಆರಿಸಿಕೊಂಡ ಕಂಪನಿಯು ಅದಕ್ಕೆ ಮುಂಚೆ ಇರಲಿಲ್ಲ. ಅದರ ವಿಮಾನವು ಎ. ಟಿ. ಆರ್. ೪೨ ಎಂಬ ಜಾತಿಯದು. ಫ್ರಾನ್ಸ್ ಇಟಲಿ ದೇಶಗಳವರು ಕೂಡಿ ಫ್ರಾನ್ಸಿನ ತುಲೂಜ್ ನಗರದಲ್ಲಿ ಕಟ್ಟಿದ ಈ ವಿಮಾನದಲ್ಲಿ ೪೮ ಆಸನಗಳು. ಅದರ ಇಂಜಿನ್ನು ಜೆಟ್ಟಿನ ಜಾತಿಯದೇ ಆದರೂ ತನ್ನ ಬಲವನ್ನು ಪಂಖವನ್ನು ತಿರುಗಿಸುವದಕ್ಕೆ ವಿನಿಯೋಗಿಸುತ್ತದೆ. ಇದರಿಂದ ವೇಗವು ಕಡಿಮೆಯಾದರೂ ಹತ್ತಿರದ ಹಾದಿಯಲ್ಲಿ ಇಂಧನದ ಉಳಿತಾಯವು ಬಹಳ. ಚಿಕ್ಕ ಓಡುಹಾದಿಯೂ ಅದಕ್ಕೆ ಸಾಲುತ್ತದೆ. ಇಂಥ ಟರ್ಬೋಪ್ರಾಪ್ ವಿಮಾನಗಳಿಗೆ ಮಾರಿದ ಇಂಧನದ ಮೇಲಿನ ಮಾರಾಟ ತೆರಿಗೆಯನ್ನು ಕಾಯಿದೆಯು ಪ್ರತಿಶತ ೪ಕ್ಕೆ ಮಿತಿಗೊಳಿಸಿತ್ತು. ಜೆಟ್ ವಿಮಾನದ ಇಂಧನದ ಮೇಲೆ ಅನೇಕ ರಾಜ್ಯಗಳು ಇದರ ಹಲವು ಪಟ್ಟು ತೆರಿಗೆಯನ್ನು ವಸೂಲು ಮಾಡುತ್ತಿದ್ದವೆಂಬುದನ್ನು ನೆನೆದರೆ ಈ ಸವಲತ್ತಿನ ಬೆಲೆಯು ತಿಳಿದೀತು.

ಸಂಸ್ಥೆಯ ಇನ್ನುಳಿದ ಉಳಿತಾಯಗಳು ಎಲ್ಲರ ಕಣ್ಣಿಗೂ ಕಾಣುವಂಥವು. ವಿಮಾನದಲ್ಲಿ ಪುಕ್ಕಟೆಯ ಊಟವಿಲ್ಲ. ನೀರು ತಿಂಡಿ ಬೇಕಾದವರು ಕೊಂಡುಕೊಳ್ಳಬೇಕು. ತಿಕೀಟುಗಳನ್ನು ಇಂಟರ್‌ನೆಟ್ಟಿನ ಮೂಲಕ ಮಾರಿದ್ದರಿಂದ ದಲಾಲಿಯು ಉಳಿಯಿತು. ಇಂಟರ್‌ನೆಟ್ಟನ್ನು ಅರಿಯದವರಿಗಾಗಿ ಪೆಟ್ರೋಲು ಬಂಕುಗಳಲ್ಲಿಯೂ ಟಪಾಲು ಕಚೇರಿಗಳಲ್ಲಿಯೂ ತಿಕೀಟು ದೊರೆಯುವಂತೆ ಏರ್ಪಾಡು ಮಾಡಿದರು. ಮುಂಚಿತವಾಗಿ ಕೊಂಡವನಿಗೆ ಕಡಿಮೆ ದರ, ಕಡೆಯಲ್ಲಿ ಬಂದವನಿಗೆ ಹೆಚ್ಚು ದರ. ಕೆಲವು ಆಸನಗಳನ್ನು ತೆರಿಗೆಯ ಹೊರತು ಒಂದೇ ರೂಪಾಯಿಗೆ ಕೊಟ್ಟದ್ದು ದೇಶದಲ್ಲೆಲ್ಲ ಮಾತಾಯಿತು. ಮೈಸೂರಿನವರಾದ ಆರ್. ಕೆ. ಲಕ್ಷ್ಮಣರ ವ್ಯಂಗ್ಯಚಿತ್ರದ ‘ಸಾಮಾನ್ಯ ಮನುಷ್ಯ’ನು, ಚೌಕಳಿ ಕೋಟು ಧೋತರಗಳೊಂದಿಗೆ, ಈ ಸಂಸ್ಥೆಯ ಗುರುತಾದನು. ಪ್ರತಿಯೊಬ್ಬ ಭಾರತೀಯನೂ ಜೀವಮಾನದಲ್ಲಿ ಒಮ್ಮೆಯಾದರೂ ವಿಮಾನವನ್ನು ಹತ್ತಬೇಕೆಂಬುದು ಸಂಸ್ಥಾಪಕರ ಘೋಷಣೆಯಾಗಿತ್ತು.

ಪ್ರಾರಂಭದಲ್ಲಿಯೇ ಒಂದು ವಿಘ್ನವು ಒದಗಿತು. ೨೦೦೩ನೆಯ ಸಪ್ಟಂಬರದಲ್ಲಿ ಹೈದರಾಬಾದಿನಿಂದ ವಿಜಯವಾಡಕ್ಕೆ ಹೊರಟ ಮೊದಲನೆಯ ವಿಮಾನವು, ಗಣ್ಯರಾದ ಅತಿಥಿಗಳು ಒಳಗೆ ಕುಳಿತಿರುವಾಗಲೇ, ನೆಲದ ಮೇಲೆ ಓಡುತ್ತಿರುವಂತೆ ಇಂಜಿನ್ನಿಗೆ ಬೆಂಕಿ ಹತ್ತಿ ನಿಂತುಹೋಯಿತು. ಯಾರಿಗೂ ಅಪಾಯವಾಗಲಿಲ್ಲ. ಒಂದು ತಿಂಗಳಿನ ಕೂಸಾಗಿದ್ದ ಸಂಸ್ಥೆಯು ಅಲ್ಲಿಗೇ ಮುಗಿಯಿತೆಂದು ಹಲವರು ತಿಳಿದರು. ಆದರೆ ಜನರು ಬರುವದನ್ನು ಬಿಡಲಿಲ್ಲ. ಇದರಿಂದ ಒಂದು ಸಂಗತಿಯು ತಿಳಿಯುವದು: ಸಂಸ್ಥೆಯು ಹುಡುಕಿದ ಗಿರಾಕಿಯು ಕಲ್ಪನೆಯಲ್ಲಿದ್ದವನಲ್ಲ, ನಿಜವಾಗಿಯೂ ಊರೂರಿನಲ್ಲಿ ಕಾಯುತ್ತಿದ್ದವನು.

ಈ ಗಿರಾಕಿಯು ಹುಬ್ಬಳ್ಳಿಯ ಪೇಟೆಯವನು ಮಾತ್ರವೇ ಎಂದು ಎಣಿಸಲಾಗದು. ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಸುಮಾರು ಐವತ್ತು ಕಿಲೋಮೀಟರು. ಸವಣೂರು ಹಾನಗಲ್ಲುಗಳಿಂದ ಎರಡು ಮೂರು ತಾಸಿನೊಳಗಿನ ಹಾದಿ. ವೀಳ್ಯದೆಲೆಯ ಸವಣೂರಿನ ವ್ಯಾಪಾರಿ, ಭತ್ತ ಮಾವುಗಳ ಹಾನಗಲ್ಲಿನ ಜಮೀನುದಾರ, ಬೆಂಗಳೂರಿನಲ್ಲಿ ಮಗನ ಮನೆಯಿರುವ ನಿವೃತ್ತ ಮಾಸ್ತರ, ದೊಡ್ಡ ಆಸ್ಪತ್ರೆಯನ್ನು ಹುಡುಕಿ ಹೊರಟ ರೋಗಿ, ಇಂಥವರೆಲ್ಲರಿಗೂ ಬೆಂಗಳೂರು ಸುಮಾರು ಒಂದು ತಾಸಿನ ಹಾರಾಟದ ದೂರಕ್ಕೆ ಬಂದಿತು. ವಿಮಾನವು ಊರಿನಲ್ಲಿ ಇಳಿಯದಿದ್ದರೂ ಊರಿನ ಬಸ್ಸು ಮುಟ್ಟುವ ಸ್ಥಳದಲ್ಲಿ ಇಳಿದರೆ ಸಾಕೆಂಬುದು ಸಣ್ಣ ಸೀಮೆಗಳ ಅರ್ಥಶಾಸ್ತ್ರ.

ಈಗ ಇಂಥ ಸಂಸ್ಥೆಯ ಲೆಕ್ಕವನ್ನು ಸ್ವಲ್ಪ ವಿಚಾರಿಸತಕ್ಕದ್ದು. ಅದನ್ನು ತಿಳಿಯದೆ ಮುಂದಿನ ಕಥೆಯ ಕಾರಣಗಳು ತಿಳಿಯವು. ವಿಮಾನದ ಖರ್ಚಿನಲ್ಲಿ ಬಹುಭಾಗವು ಜನರಿದ್ದರೂ ಇಲ್ಲದಿದ್ದರೂ ಆಗತಕ್ಕದ್ದೇ. ವಿಮಾನದ ಬಾಡಿಗೆ, ಚಾಲಕರ ಸಂಬಳ, ದುರಸ್ತಿ, ಇಂಧನ ಇವು ಖಾಲಿ ಆಸನವನ್ನು ನೋಡಿ ಕಡಿಮೆಯಾಗುವದಿಲ್ಲ. ಉದಾಹರಣೆಗೆ, ೪೮ ಆಸನದ ವಿಮಾನದ ಒಂದು ಸಲದ ಹಾರಾಟಕ್ಕೆ ೯೬,೦೦೦ ರೂಪಾಯಿ ಬೀಳುತ್ತದೆಂದು ಇಟ್ಟುಕೊಂಡರೆ, ಎಲ್ಲ ಆಸನಗಳೂ ತುಂಬಿದಾಗ ತಲೆಗೆ ೨,೦೦೦ ರೂಪಾಯಿ ಖರ್ಚು. ೩೨ ಜನರು ಮಾತ್ರ ಬಂದರೆ ೩,೦೦೦. ೨೪ ಜನರಾದರೆ ೪,೦೦೦. ದರವನ್ನು ಇಳಿಸಿದರೆ ಜನರು ಹೆಚ್ಚುವರು, ಆದರೆ ಬರುವ ಹಣವು ಸಾಲದೆ ಹೋಗಬಹುದು. ಏರಿಸಿದರೆ ಜನರು ರೇಲ್ವೆಯ ಕಡೆಗೆ ತಿರುಗುವರು. ಸಣ್ಣ ಊರಿನ ಗಿರಾಕಿಗಳು ಸ್ವಭಾವತಃ ಸ್ವಲ್ಪ. ಆದುದರಿಂದ ಸಣ್ಣ ಊರಿಗೆ ಸಣ್ಣ ವಿಮಾನವೇ ತಕ್ಕದ್ದು. ಈ ಎಚ್ಚರವು ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೆ ಏರ್ ಡೆಕ್ಕನ್ನಿನ ನೆಲೆಯು ಗಟ್ಟಿಯಾಗಿತ್ತು.

ಆದರೆ ಸಂಸ್ಥೆಯು ವೇಗವಾಗಿ ಬೆಳೆಯಿತು. ೨೦೦೪ರಲ್ಲಿ ಏರ್‌ಬಸ್ ೩೨೦ ಎಂಬ ದೊಡ್ಡ ಜೆಟ್ ವಿಮಾನಗಳು ಬಂದವು. ಬೆಂಗಳೂರು–ದಿಲ್ಲಿಯಂಥ ಹೆದ್ದಾರಿಗಳಲ್ಲಿ ಹಳೆಯ ಬಲಾಢ್ಯ ಕಂಪನಿಗಳೊಡನೆ ಸ್ಪರ್ಧೆಯು ಮೊದಲಾಯಿತು. ಕೆಲವೇ ವರ್ಷಗಳಲ್ಲಿ ನಲವತ್ತಕ್ಕೆ ಮಿಕ್ಕಿದ ವಿಮಾನಗಳೂ, ಅರುವತ್ತಕ್ಕೆ ಮಿಕ್ಕಿದ ಊರುಗಳೂ ಅದರ ಜಾಲದಲ್ಲಿ ಸೇರಿದವು. ಇದೇ ವೇಳೆಗೆ ಅದು ತೋರಿಸಿದ ಹಾದಿಯನ್ನು ಇತರರೂ ಹಿಡಿದರು. ೨೦೦೫ನೆಯ ಮೇ ತಿಂಗಳಲ್ಲಿ ಸ್ಪೈಸ್‌ಜೆಟ್, ಅದೇ ತಿಂಗಳಲ್ಲಿ ಕಿಂಗ್‌ಫಿಶರ್, ಅದೇ ವರ್ಷದ ನವೆಂಬರದಲ್ಲಿ ಗೋಏರ್, ೨೦೦೬ನೆಯ ಅಗಸ್ಟದಲ್ಲಿ ಇಂಡಿಗೋ, ಹೀಗೆ ಹದಿನೈದು ತಿಂಗಳ ಅವಧಿಯಲ್ಲಿ ನಾಲ್ಕು ಹೊಸ ಕಂಪನಿಗಳು ಹುಟ್ಟಿದವು. ದರಗಳು ಖರ್ಚಿಗಿಂತ ಕೆಳಗಿಳಿದವು. ಚಾಲಕರು ದೊರೆಯುವದು ದುರ್ಲಭವಾಗಿ ಅವರ ಸಂಬಳವು ಏರಿತು. ಇಂಧನದ ಬೆಲೆಯೂ ಏರಿತು. ೨೦೦೬ನೆಯ ಮೇ ತಿಂಗಳಲ್ಲಿ ಸಂಸ್ಥೆಯು ಭಾಂಡವಲಕ್ಕಾಗಿ ಸಾರ್ವಜನಿಕರಿಗೆ ಶೇರುಗಳನ್ನು ಮಾರಲು ಹೊರಟಿತು. ಆ ದಿನಗಳಲ್ಲಿಯೇ ಶೇರು ಪೇಟೆಯು ಕುಸಿದುದರಿಂದ ಬೆಲೆಯನ್ನು ತಗ್ಗಿಸಿ, ಅವಧಿಯನ್ನು ಮುಂದುವರಿಸಿ, ಬಹು ಪ್ರಯಾಸದಿಂದ ಆ ಕಾರ್ಯವನ್ನು ಪೂರೈಸಬೇಕಾಯಿತು. ಹುಬ್ಬಳ್ಳಿಯಂಥ ಮಾರ್ಗದಲ್ಲಿ ಪ್ರತಿಸ್ಪರ್ಧಿಯಿಲ್ಲದ ಸಂಸ್ಥೆಯು ದಿಲ್ಲಿಯ ಮಾರ್ಗದಲ್ಲಿ ಹಲವು ಪ್ರತಿಸ್ಪರ್ಧಿಗಳ ನಡುವೆ ಸಿಕ್ಕಿಕೊಂಡಿತು. ಬೆಳವಣಿಗೆಯೇ ಬಲವೆಂಬ ನಂಬಿಕೆಯು ಎಲ್ಲ ಉದ್ಯಮಗಳಲ್ಲಿಯೂ ನಿಜವಾಗದೆಂಬುದಕ್ಕೆ ಇದು ಸಾಕ್ಷಿ.

೨೦೦೭ನೆಯ ಮೇ ತಿಂಗಳ ಕಡೆಯಲ್ಲಿ ವಿಜಯ ಮಲ್ಯರ ಯು. ಬಿ. ಸಮೂಹದವರು ಸಂಸ್ಥೆಯ ಪ್ರತಿಶತ ೨೬ ಪಾಲನ್ನು ಸುಮಾರು ೫೫೦ ಕೋಟಿ ರೂಪಾಯಿಗೆ ಕೊಂಡುಕೊಂಡರು. ಕಿಂಗ್‌ಫಿಶರ್ ಕಂಪನಿಯು ಇವರದೇ. ಅದು ವೈಭವದ ವಿಮಾನ; ಇದು ಮಿತವ್ಯಯದ ವಿಮಾನ. ಇವೆರಡರ ಕೂಡಾಟವನ್ನು ಕಂಡು ಅನೇಕರು ಬೆರಗಾದರು. ಆದರೆ ಇದಕ್ಕೆ ಒಂದು ಗೂಢವಾದ ಕಾರಣವಿತ್ತು. ದೇಶದೊಳಗೆ ಐದು ವರ್ಷ ಹಾರಾಡಿದ, ಇಪ್ಪತ್ತು ವಿಮಾನಗಳುಳ್ಳ ಕಂಪನಿಗೆ ಮಾತ್ರ ಪರದೇಶಕ್ಕೆ ಹಾರುವ ಅಪ್ಪಣೆಯುಂಟೆಂದು ಅಂದಿನ ಸರಕಾರಿ ನಿಯಮವಿತ್ತು. ಕಿಂಗ್‌ಫಿಶರಿನ ಹುಟ್ಟು ೨೦೦೫ರಲ್ಲಿ. ಅದಕ್ಕೆ ಐದು ತುಂಬಲು ೨೦೧೦ರ ವರೆಗೆ ಕಾಯಬೇಕು. ಏರ್ ಡೆಕ್ಕನ್ನಿನ ಹುಟ್ಟು ೨೦೦೩ರ ಅಗಸ್ಟದಲ್ಲಿ. ಅದಕ್ಕೆ ೨೦೦೮ರ ಅಗಸ್ಟಕ್ಕೆ ಐದು ತುಂಬುವದು. ಎರಡೂ ಕಂಪನಿಗಳು ಒಂದಾದರೆ ಹಿರಿಯದರ ವಯಸ್ಸು ಕಿರಿಯದಕ್ಕೆ ದೊರೆಯುವದು. ಅದರಂತೆಯೇ ನಡೆಯಿತು. ೨೦೦೭ರಲ್ಲಿ ಸಂಸ್ಥೆಗೆ ಸಿಂಪ್ಲಿಫ್ಲೈ ಡೆಕ್ಕನ್ ಎಂದು ಹೆಸರನ್ನು ಬದಲಿಸಿದರು. ೨೦೦೮ನೆಯ ಅಗಸ್ಟದ ಕಡೆಯಲ್ಲಿ ಆ ಹೆಸರೂ ಹೋಗಿ ಕಿಂಗ್‌ಫಿಶರ್ ರೆಡ್ ಎಂದಾಯಿತು. ೨೦೦೮ನೆಯ ಸಪ್ಟಂಬರ ೩ರಂದು ಕಿಂಗ್‌ಫಿಶರಿನ ವಿಮಾನವು ಬೆಂಗಳೂರಿನಿಂದ ಲಂಡನ್ನಿಗೆ ಹಾರಿತು.

ಈ ತಾರೀಖುಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ವಾಚಕರಿಗೆ ವಿಷಾದವೆನಿಸದೆ ಇರದು. ಹುಬ್ಬಳ್ಳಿಯಂಥ ಊರುಗಳಿಗೆ ಹಾರಿ ಹಾರಿ ಗಳಿಸಿದ ಐದು ವರ್ಷಗಳು ಲಂಡನ್ನಿನ ಬಾಗಿಲಿನ ಕೀಲಿಕೈಯಾದವು. ಇದರಲ್ಲಿ ಕಾಯಿದೆಗೆ ವಿರುದ್ಧವಾದದ್ದೇನೂ ಇರಲಿಲ್ಲ. ಸಾಲದ ಹೊರೆಯಿಂದ ಬಳಲಿದ ಸಂಸ್ಥೆಗೆ ಹಣವು ಬೇಕಾಗಿತ್ತು. ಕೊಂಡವರಿಗೆ ವಯಸ್ಸು ಬೇಕಾಗಿತ್ತು. ಪರಸ್ಪರ ಅವಶ್ಯಕತೆಯಿಂದ ವ್ಯವಹಾರವಾಯಿತು. ಆದರೆ ಆ ವ್ಯವಹಾರದ ಮೇಜಿನ ಬಳಿಯಲ್ಲಿ ಸಣ್ಣ ಊರುಗಳ ಪರವಾಗಿ ಕುಳಿತವರು ಯಾರೂ ಇರಲಿಲ್ಲ. ನಿಯಮವನ್ನು ಮಾಡಿದ ಸರಕಾರವು ವಿಮಾನಗಳ ಸಂಖ್ಯೆಯನ್ನು ಎಣಿಸಿತು, ವರ್ಷಗಳನ್ನು ಎಣಿಸಿತು. ಮುಟ್ಟಿದ ಊರುಗಳನ್ನು ಎಣಿಸಲಿಲ್ಲ. ಮುಂದೆ ೨೦೧೬ರಲ್ಲಿ ಐದು ವರ್ಷಗಳ ಈ ನಿಬಂಧನೆಯೇ ರದ್ದಾಯಿತು.

೨೦೦೮ನೆಯ ವರ್ಷವು ಬೇರೆ ಕಾರಣಗಳಿಂದಲೂ ಕೆಟ್ಟದಾಗಿತ್ತು. ಆ ಜುಲೈ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆಯು ಪೀಪಾಯಿಗೆ ೧೪೭ ಡಾಲರಿನ ವರೆಗೆ ಏರಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣವು ಊರೊಳಗಿನ ಎಚ್. ಎ. ಎಲ್. ಪ್ರದೇಶದಿಂದ ದೂರದ ದೇವನಹಳ್ಳಿಗೆ ಹೋಯಿತು. ದಿಲ್ಲಿಗೆ ಹೋಗುವವನಿಗೆ ಇದರಿಂದ ಅಷ್ಟೇನೂ ಬಾಧಕವಿಲ್ಲ. ಒಂದು ತಾಸಿನ ಹಾರಾಟಕ್ಕಾಗಿ ಊರಿನಿಂದ ಒಂದೂವರೆ ತಾಸು ಮೋಟಾರಿನಲ್ಲಿ ಕುಳಿತು ಹೋಗಬೇಕಾದ ಹುಬ್ಬಳ್ಳಿಯವನಿಗೆ ಮಾತ್ರ ವಿಮಾನದ ಲಾಭವು ಅರ್ಧಕ್ಕರ್ಧ ಕರಗಿತು. ಕಿಂಗ್‌ಫಿಶರ್ ಕಂಪನಿಯು ಸಾಲದಲ್ಲಿ ಮುಳುಗುತ್ತ ಬಂದು, ಮಿತವ್ಯಯದ ತನ್ನ ಶಾಖೆಯನ್ನು ಮುಚ್ಚುವದಾಗಿ ೨೦೧೧ನೆಯ ಸಪ್ಟಂಬರದಲ್ಲಿ ಸಾರಿತು. ೨೦೧೨ನೆಯ ಅಕ್ಟೋಬರದಲ್ಲಿ ಇಡೀ ಕಂಪನಿಯ ಹಾರಾಟವೇ ನಿಂತಿತು. ಏರ್ ಡೆಕ್ಕನ್ನಿನ ಸ್ಥಾಪನೆಯಿಂದ ಇಲ್ಲಿಯವರೆಗೆ ಒಂಬತ್ತು ವರ್ಷ.

ತರುವಾಯ ಹುಬ್ಬಳ್ಳಿಗೆ ಸ್ಪೈಸ್‌ಜೆಟ್ಟಿನವರು ಪಂಖದ ವಿಮಾನಗಳನ್ನು ತಂದರು. ೨೦೧೫ನೆಯ ಮಾರ್ಚ ೮ರಂದು ಅವರ ವಿಮಾನವೊಂದು ಹುಬ್ಬಳ್ಳಿಯಲ್ಲಿ ಇಳಿಯುವಾಗ ಓಡುಹಾದಿಯಿಂದ ಪಕ್ಕಕ್ಕೆ ಜಾರಿತು, ದೈವವಶಾತ್ ಪ್ರಾಣಹಾನಿಯಾಗಲಿಲ್ಲ. ಹಳೆಯ ನಿಲ್ದಾಣವನ್ನು ವಿಸ್ತರಿಸಬೇಕೆಂಬ ಕೂಗು ಬಹುದಿನಗಳಿಂದಲೂ ಇತ್ತು. ಕಡೆಗೆ ೨೦೧೭ನೆಯ ಡಿಸೆಂಬರದಲ್ಲಿ ೨,೬೦೦ ಮೀಟರಿನ ಓಡುಹಾದಿಯೂ ಹೊಸ ಕಟ್ಟಡವೂ ಉದ್ಘಾಟನೆಯಾಗಿ, ದೊಡ್ಡ ಜೆಟ್ ವಿಮಾನಗಳಿಗೂ ಹುಬ್ಬಳ್ಳಿಯು ತೆರೆಯಿತು. ೨೦೧೮ರಲ್ಲಿ ಇಂಡಿಗೋ ಕಂಪನಿಯವರು ಬಂದರು.

ಇಷ್ಟರಲ್ಲಿ ಸಣ್ಣ ಊರುಗಳ ಲೆಕ್ಕವನ್ನು ಸರಕಾರವೇ ತಲೆಗೆ ಹಚ್ಚಿಕೊಂಡಿತ್ತು. ೨೦೧೬ನೆಯ ಅಕ್ಟೋಬರದಲ್ಲಿ ಪ್ರಕಟವಾದ ‘ಉಡಾನ್’ ಎಂಬ ಯೋಜನೆಯ ಮೇರೆಗೆ ವಿಮಾನದ ಸುಮಾರು ಅರ್ಧದಷ್ಟು ಆಸನಗಳನ್ನು, ಒಂದು ತಾಸಿನ ಪ್ರಯಾಣಕ್ಕೆ ೨,೫೦೦ ರೂಪಾಯಿಯ ಮಿತಿಯೊಳಗೆ ಮಾರಬೇಕಾಗಿತ್ತು. ಅದರಿಂದಾಗುವ ಕೊರತೆಯ ಭಾಗವನ್ನು ಮೂರು ವರ್ಷಗಳ ವರೆಗೆ ಸರಕಾರವು ತುಂಬಿಕೊಡುತ್ತಿತ್ತು. ಆ ಅವಧಿಯಲ್ಲಿ ಅದೇ ಮಾರ್ಗಕ್ಕೆ ಯೋಜನೆಯಲ್ಲಿ ಮತ್ತೊಬ್ಬರಿಗೆ ಪ್ರವೇಶವಿರಲಿಲ್ಲ. ಈ ಸಹಾಯಧನದ ಮುಖ್ಯ ಮೂಲವು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಕರ. ದೊಡ್ಡ ನಗರದ ಪ್ರಯಾಣಿಕನು ಸಣ್ಣ ಊರಿನ ಪ್ರಯಾಣಿಕನಿಗೆ ಸ್ವಲ್ಪ ನೆರವಾಗುವನು ಎಂಬುದು ಇದರ ತಾತ್ಪರ್ಯ. ರೇಲ್ವೆಯಲ್ಲಿ ಸರಕು ಸಾಗಣೆಯ ಆದಾಯವು ಸಾಮಾನ್ಯ ಡಬ್ಬಿಯ ಪ್ರಯಾಣಿಕನನ್ನು ಬಹುಕಾಲದಿಂದ ಸಲಹುತ್ತ ಬಂದದ್ದನ್ನು ಬಲ್ಲವರಿಗೆ ಈ ತತ್ವವು ವಿಚಿತ್ರವೆನಿಸದು.

ಈ ಯೋಜನೆಯ ನೆರಳಿನಲ್ಲಿ ಏರ್ ಡೆಕ್ಕನ್ ಎಂಬ ಹೆಸರು ಎರಡನೆಯ ಸಲ ಹುಟ್ಟಿತು. ೨೦೧೭ನೆಯ ಡಿಸೆಂಬರದಲ್ಲಿ ಗೋಪಿನಾಥರು ಹತ್ತೊಂಬತ್ತು ಆಸನದೊಳಗಿನ ಬೀಚ್‌ಕ್ರಾಫ್ಟ್ ವಿಮಾನಗಳನ್ನು ಮಹಾರಾಷ್ಟ್ರದ ಜಳಗಾಂವ, ನಾಸಿಕ ಮುಂತಾದ ಊರುಗಳಿಗೆ ಹಾರಿಸಿದರು. ಅತಿ ಚಿಕ್ಕ ವಿಮಾನ, ಅತಿ ಅಲ್ಪ ಭಾಂಡವಲ. ೨೦೨೦ನೆಯ ಎಪ್ರಿಲ್ಲಿನಲ್ಲಿ ಕರೋನಾ ರೋಗದ ಹಾವಳಿಯಿಂದ ಅದೂ ನಿಂತುಹೋಯಿತು. ಒಮ್ಮೆ ಅತಿವಿಸ್ತಾರದಿಂದಲೂ ಮತ್ತೊಮ್ಮೆ ಅತಿಸಂಕೋಚದಿಂದಲೂ ಒಂದೇ ಹೆಸರು ಎರಡು ಸಲ ಆಕಾಶದಿಂದ ಇಳಿಯಿತೆಂದು ಹೇಳಬಹುದು.

ಹುಬ್ಬಳ್ಳಿಯ ಸಂಗತಿಯಲ್ಲಾದರೋ ಆ ಹಳೆಯ ಹಾದಿಯನ್ನು ಬೇರೊಂದು ಸಣ್ಣ ಸಂಸ್ಥೆಯು ಹಿಡಿಯಿತು. ಕೊಲ್ಲಾಪುರದ ಸಂಜಯ ಘೋಡಾವತ ಸಮೂಹದವರು ಸ್ಥಾಪಿಸಿದ ಸ್ಟಾರ್ ಏರ್ ಎಂಬ ಸಂಸ್ಥೆಯು ೨೦೧೯ನೆಯ ಜನೇವರಿ ೨೫ರಂದು ಬೆಂಗಳೂರು, ಹುಬ್ಬಳ್ಳಿ, ತಿರುಪತಿಗಳನ್ನು ಜೋಡಿಸಿ ತನ್ನ ಹಾರಾಟವನ್ನು ಪ್ರಾರಂಭಿಸಿತು. ೨೦೦೩ರಂತೆ ೨೦೧೯ರಲ್ಲಿಯೂ ಹೊಸ ಸಂಸ್ಥೆಯೊಂದು ತನ್ನ ಮೊದಲ ಹೆಜ್ಜೆಗೆ ಹುಬ್ಬಳ್ಳಿಯನ್ನೇ ಆರಿಸಿದ್ದು ಆಕಸ್ಮಿಕವಲ್ಲ. ಈ ಸೀಮೆಯಲ್ಲಿ ಗಿರಾಕಿಯುಂಟೆಂದು ಏರ್ ಡೆಕ್ಕನ್ ಸಿದ್ಧಮಾಡಿ ತೋರಿಸಿತ್ತು. ಅದರ ವಿಮಾನವು ಐವತ್ತು ಆಸನಗಳ ಎಂಬ್ರಾಯರ್ ಜೆಟ್ ಆಗಿತ್ತು. ೨೦೧೯ನೆಯ ನವೆಂಬರದಲ್ಲಿ ಕಲಬುರಗಿಯ ಹೊಸ ನಿಲ್ದಾಣದಿಂದ ಬೆಂಗಳೂರಿಗೆ ಮೊದಲು ಹಾರಿದ ವಿಮಾನವೂ ಇದೇ ಸಂಸ್ಥೆಯದು. ೨೦೨೩ನೆಯ ಫೆಬ್ರುವರಿಯಲ್ಲಿ ಶಿವಮೊಗ್ಗೆಯ ನಿಲ್ದಾಣವು ಉದ್ಘಾಟನೆಯಾಯಿತು. ಇದರಿಂದ ಹಿರೇಕೆರೂರಿನವರಿಗೆ ಎರಡನೆಯ ಬಾಗಿಲು ದೊರೆತಂತಾಯಿತು. ಶಿಕಾರಿಪುರದ ಮೇಲೆ ಹಾಯ್ದು ಹೋದರೆ ಅವರಿಗೆ ಹುಬ್ಬಳ್ಳಿಗಿಂತ ಶಿವಮೊಗ್ಗೆಯೇ ಹತ್ತಿರ.

ಏರ್ ಡೆಕ್ಕನ್ ಸಂಸ್ಥೆಯು ಗೆದ್ದಿತೋ ಸೋತಿತೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಜಮಾಖರ್ಚಿನ ಪುಸ್ತಕದಲ್ಲಿ ಅದು ಸೋತಿತು; ಅದರ ಹೆಸರು, ವಿಮಾನಗಳು, ಕಡೆಗೆ ವಯಸ್ಸು ಕೂಡ ಬೇರೆಯವರ ಪಾಲಾದವು. ಆದರೆ ಅದು ಹಾಕಿಕೊಟ್ಟ ರೂಢಿಯು ಉಳಿಯಿತು. ಊಟವಿಲ್ಲದ ಅಗ್ಗದ ಆಸನ, ಇಂಟರ್‌ನೆಟ್ಟಿನ ತಿಕೀಟು, ಮುಂಚಿತವಾಗಿ ಕೊಂಡವನಿಗೆ ಕಡಿಮೆ ದರ, ಇವೆಲ್ಲವೂ ದೇಶದ ಸಾಮಾನ್ಯ ಪದ್ಧತಿಯಾದವು. ಅದಕ್ಕಿಂತಲೂ ಹೆಚ್ಚಾಗಿ, ವಿಮಾನವು ತನ್ನಂಥವನಿಗಲ್ಲವೆಂದು ತಿಳಿದಿದ್ದ ಗೃಹಸ್ಥನ ಸಂಕೋಚವನ್ನು ಅದು ಮುರಿಯಿತು. ಈ ಲಾಭವು ಯಾವ ಕಂಪನಿಯ ಪುಸ್ತಕದಲ್ಲಿಯೂ ಜಮೆಯಾಗತಕ್ಕದ್ದಲ್ಲ.

ಈ ಚರಿತ್ರೆಯಿಂದ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಜನರು ತಿಳಿಯತಕ್ಕ ಮಾತೂ ಒಂದುಂಟು. ಸಣ್ಣ ಊರುಗಳ ವಿಮಾನವು ಒಬ್ಬ ಸಾಹಸಿಯ ಉತ್ಸಾಹದಿಂದ ಹುಟ್ಟಬಲ್ಲದು. ಆದರೆ ಉತ್ಸಾಹ ಮಾತ್ರದಿಂದ ಬದುಕಲಾರದು. ಊರಿಗೆ ತಕ್ಕ ಗಾತ್ರದ ವಿಮಾನ, ನಿಲ್ದಾಣದ ವರೆಗಿನ ಒಳ್ಳೆಯ ರಸ್ತೆ, ವೇಳೆಗೆ ಸರಿಯಾದ ಬಸ್ಸು, ಇಂಧನದ ಮೇಲೆ ಮಿತವಾದ ತೆರಿಗೆ, ಕೊರತೆಯ ದಿನಗಳಲ್ಲಿ ಸರಕಾರದ ನೆರವು, ಇವು ಕೂಡಿದಾಗ ಮಾತ್ರ ಅದು ನಿಲ್ಲುವದು. ಇವುಗಳಲ್ಲಿ ಮೊದಲನೆಯದು ಕಂಪನಿಯ ಕೆಲಸ. ಉಳಿದವೆಲ್ಲವೂ ಜನರು ಕೇಳಿ ಪಡೆಯತಕ್ಕವು. ೨೦೦೭ರ ವ್ಯವಹಾರದಲ್ಲಿ ಸಣ್ಣ ಊರುಗಳ ಪರವಾಗಿ ಮಾತನಾಡಿದವರು ಇರಲಿಲ್ಲ. ಅಂಥ ವ್ಯವಹಾರವು ಮತ್ತೊಮ್ಮೆ ಬಂದಾಗ ಆ ಕುರ್ಚಿಯು ಬರಿದಾಗಿರದಂತೆ ನೋಡಿಕೊಳ್ಳುವದು ಈ ಊರುಗಳವರದೇ ಹೊಣೆ.